ಪ್ರಯೋಗಾಲಯದ ಹೊಸ್ತಿಲಲ್ಲಿ ನಿಂತವರು

ಪ್ರತಿ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವಾಗ ಬಯೋಮೆಡಿಕಲ್ ಸೈನ್ಸ್ ತರಗತಿಗಳಲ್ಲಿ ಕನ್ನಡ ಮಾತನಾಡುವ ಯುವಕ ಯುವತಿಯರೂ ಕಾಣಸಿಗುತ್ತಾರೆ. ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಜೀವರಸಾಯನಶಾಸ್ತ್ರದಲ್ಲಿ ಬಿಎಸ್‌ಸಿ ಮುಗಿಸಿ, ಬ್ಯಾಂಕಿನ ಸಾಲದ ಮಂಜೂರಾತಿ ಪತ್ರವನ್ನು ಹಿಡಿದು, ಒಂದು ವರ್ಷದ ಎಂಎಸ್‌ಸಿ ಪದವಿಗಾಗಿ ಬಂದವರು ಇವರಲ್ಲಿ ಹೆಚ್ಚು. ಪದವಿ ಮುಗಿದರೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಗುತ್ತದೆ, ಎರಡು ಮೂರು ವರ್ಷದಲ್ಲಿ ಸಾಲ ತೀರುತ್ತದೆ ಎಂಬುದು ಮನೆಯವರ ಲೆಕ್ಕ. ಈ ಲೆಕ್ಕ ಮೂರ್ಖತನದ್ದಲ್ಲ. ಓದಿನ ಹೆಸರು ‘ಬಯೋಮೆಡಿಕಲ್ ಸೈನ್ಸ್’, ವೃತ್ತಿಯ ಹೆಸರು ‘ಬಯೋಮೆಡಿಕಲ್ ಸೈಂಟಿಸ್ಟ್’. ಒಂದರಿಂದ ಇನ್ನೊಂದಕ್ಕೆ ನೇರ ದಾರಿಯಿದೆ ಎಂದು ಯಾರಾದರೂ ಭಾವಿಸುವುದು ಸಹಜ. ಆದರೆ ಬ್ರಿಟನ್ನಿನಲ್ಲಿ ಆ ಎರಡು ಹೆಸರುಗಳ ನಡುವೆ ಕಾನೂನು ಕಟ್ಟಿದ ಗೋಡೆಯೊಂದಿದೆ. ಅತಿ ಹೆಚ್ಚು ಶುಲ್ಕ ಕೊಡುವವರಿಗೆ ಆ ಗೋಡೆಯ ವಿಷಯ ತಿಳಿಯುವುದು ಅತಿ ತಡವಾಗಿ.

ಈ ವಿಷಯದತ್ತ ಅಷ್ಟೊಂದು ಮಕ್ಕಳು ಹೊರಳುವುದಕ್ಕೆ ಮೂಲ ಕಾರಣ ಭಾರತದಲ್ಲೇ ಇದೆ. 2024ರ ನೀಟ್ ಪರೀಕ್ಷೆಯನ್ನು ಬರೆದವರು ಸುಮಾರು 23 ಲಕ್ಷ. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ. ಖಾಸಗಿ ಕಾಲೇಜಿನ ಶುಲ್ಕ ಭರಿಸಲಾರದವರನ್ನೂ ಕಳೆದರೆ, ಜೀವಶಾಸ್ತ್ರವನ್ನು ಪ್ರೀತಿಸಿ ಓದಿದ ಬಹುದೊಡ್ಡ ಸಮೂಹವೊಂದು ವೈದ್ಯಕೀಯದ ಬಾಗಿಲಲ್ಲೇ ಉಳಿದುಬಿಡುತ್ತದೆ. ‘ಬಯೋಮೆಡಿಕಲ್’ ಎಂಬ ಪದದಲ್ಲಿರುವ ‘ಮೆಡಿಕಲ್’ ಆ ಸಮೂಹಕ್ಕೆ ಇನ್ನೊಂದು ಬಾಗಿಲಿನಂತೆ ಕಾಣುತ್ತದೆ. ಬೆಂಗಳೂರು, ಮಂಗಳೂರು, ಮೈಸೂರುಗಳ ವಿದೇಶಿ ಶಿಕ್ಷಣ ಸಲಹಾ ಕೇಂದ್ರಗಳಿಗೆ ಈ ಆಸೆಯ ಬೆಲೆ ಚೆನ್ನಾಗಿ ಗೊತ್ತು.

ಓದಿನ ಸತ್ವದ ಬಗ್ಗೆ ಯಾರಿಗೂ ಅನುಮಾನ ಬೇಡ. ಕ್ಯಾನ್ಸರ್ ಕೋಶ ಹೇಗೆ ಬೆಳೆಯುತ್ತದೆ, ಪ್ರತಿಜೀವಕಗಳಿಗೆ ಬ್ಯಾಕ್ಟೀರಿಯಾ ಹೇಗೆ ಪ್ರತಿರೋಧ ಗಳಿಸುತ್ತದೆ, ರಕ್ತದ ಗುಂಪು ತಪ್ಪಿದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಕಲಿಸುವ ಗಂಭೀರ ವಿಜ್ಞಾನ ಇದು. ವೃತ್ತಿಯೂ ಘನವಾದದ್ದೇ. ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯ ಚೀಟಿಯಿಂದ ಹಿಡಿದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕಿನವರೆಗೆ ಎಲ್ಲವೂ ಹೋಗುವುದು ರಕ್ತಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಅಂಗಾಂಶ ಪರೀಕ್ಷೆ, ರಕ್ತಪೂರಣ ವಿಭಾಗಗಳ ಮೇಜಿಗೆ. ಅಲ್ಲಿ ಕುಳಿತವರ ಮುಖವನ್ನು ರೋಗಿ ಎಂದೂ ಕಾಣುವುದಿಲ್ಲ. ಅವರ ಕೈ ತಪ್ಪಿದರೆ ಮಾತ್ರ ರೋಗಿಯ ಜೀವಕ್ಕೆ ಕುತ್ತು. ಆದ್ದರಿಂದಲೇ ಬ್ರಿಟನ್ನಿನ ಕಾನೂನು ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬ ಬಿರುದನ್ನು ಸಂರಕ್ಷಿತ ಬಿರುದೆಂದು ಘೋಷಿಸಿದೆ. ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಮಂಡಳಿಯಾದ ಎಚ್‌ಸಿಪಿಸಿಯ ನೋಂದಣಿಯಿಲ್ಲದೆ ಆ ಹೆಸರಿನಲ್ಲಿ ಕೆಲಸ ಮಾಡುವುದು ಅಪರಾಧ. ರೋಗಿಯ ರಕ್ಷಣೆಗಾಗಿ ಇರುವ ಈ ನಿಯಮವನ್ನು ಪ್ರಜ್ಞಾವಂತರು ಯಾರೂ ವಿರೋಧಿಸಲಾರರು.

ನೋಂದಣಿಗೆ ಬೇಕಾದದ್ದು ಮುಖ್ಯವಾಗಿ ಎರಡು. ಮೊದಲನೆಯದು, ವೃತ್ತಿಸಂಸ್ಥೆಯಾದ ಐಬಿಎಂಎಸ್ ಮಾನ್ಯತೆ ನೀಡಿದ ಆನರ್ಸ್ ಪದವಿ ಅಥವಾ ಅದಕ್ಕೆ ಸಮನೆಂದು ಆ ಸಂಸ್ಥೆ ಒಪ್ಪಿದ ಓದು. ಎರಡನೆಯದು, ಅದೇ ಸಂಸ್ಥೆ ತರಬೇತಿಗೆ ಅನುಮೋದಿಸಿದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ, ಪ್ರತಿಯೊಂದು ಸಾಮರ್ಥ್ಯಕ್ಕೂ ಪುರಾವೆ ಕೂಡಿಸುತ್ತ ಪೂರೈಸಬೇಕಾದ ತರಬೇತಿ ದಾಖಲೆ. ವೃತ್ತಿಯಲ್ಲಿರುವವರು ಇದನ್ನು ‘ಪೋರ್ಟ್‌ಫೋಲಿಯೊ’ ಎನ್ನುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಿಡಿಯುತ್ತದೆ. ತರಗತಿಯಲ್ಲಿ ಎಷ್ಟೇ ಅಂಕ ಪಡೆದರೂ ಈ ಎರಡನೆಯ ಮೆಟ್ಟಿಲು ಹತ್ತದೆ ನೋಂದಣಿ ಇಲ್ಲ. ಆ ಮೆಟ್ಟಿಲಿನ ಬೀಗದ ಕೈ ವಿಶ್ವವಿದ್ಯಾಲಯದ ಬಳಿ ಇರುವುದು ಅಪರೂಪ. ಅದು ಆಸ್ಪತ್ರೆಗಳ ಬಳಿ ಇದೆ. ಪೋರ್ಟ್‌ಫೋಲಿಯೊ ತುಂಬಿಸಲು ಹಿರಿಯ ಸಿಬ್ಬಂದಿಯ ಸಮಯ ಬೇಕು. ಈಗಾಗಲೇ ಸಿಬ್ಬಂದಿ ಕೊರತೆಯಲ್ಲಿ ಬಳಲುತ್ತಿರುವ ಎನ್‌ಎಚ್‌ಎಸ್ ಪ್ರಯೋಗಾಲಯಗಳಲ್ಲಿ ಇಲ್ಲದಿರುವುದು ಅದೇ. ಹೀಗಾಗಿ ತರಬೇತಿ ಸ್ಥಾನಗಳು ಕಡಿಮೆ, ಕಾದಿರುವವರು ಹೆಚ್ಚು. ಅಲ್ಲಿಯೇ ಹುಟ್ಟಿ ಬೆಳೆದ ಪದವೀಧರರೂ ಈ ಸಾಲಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತಾರೆ.

ಭಾರತದಿಂದ ಎಂಎಸ್‌ಸಿಗೆ ಬಂದವರ ತೊಡಕು ಇದಕ್ಕಿಂತ ಆಳವಾದದ್ದು. ಐಬಿಎಂಎಸ್ ಎಂಎಸ್‌ಸಿಗಳಿಗೂ ಮಾನ್ಯತೆ ನೀಡುತ್ತದೆ, ನಿಜ. ಆದರೆ ಆ ಮಾನ್ಯತೆ ಮುಖ್ಯವಾಗಿ ವೃತ್ತಿಯಲ್ಲಿ ಈಗಾಗಲೇ ಇರುವವರ ಮುಂದಿನ ಕಲಿಕೆಗೆ ಸಂಬಂಧಿಸಿದ್ದು. ನೋಂದಣಿಗೆ ಬೇಕಾದ ಮೂಲ ಪದವಿಯ ಕೊರತೆಯನ್ನು ಅದು ತಾನಾಗಿ ತುಂಬುವುದಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯವೊಂದರ ಬಿಎಸ್‌ಸಿಯನ್ನು ಪ್ರತ್ಯೇಕವಾಗಿ ಮೌಲ್ಯಮಾಪನಕ್ಕೆ ಒಪ್ಪಿಸಬೇಕು. ಕೊರತೆಯಿದೆ ಎಂದು ಬಂದ ವಿಷಯಗಳನ್ನು ಪೂರಕ ಪಠ್ಯಗಳಾಗಿ, ಪ್ರತ್ಯೇಕ ಶುಲ್ಕ ತೆತ್ತು, ಮತ್ತೆ ಓದಬೇಕು. ಆ ಬಳಿಕವಷ್ಟೇ ತರಬೇತಿ ಸ್ಥಾನದ ಹುಡುಕಾಟ. ಮಾಹಿತಿ ಪುಸ್ತಿಕೆಯಲ್ಲಿ ‘ಮಾನ್ಯತೆ ಪಡೆದ ಎಂಎಸ್‌ಸಿ’ ಎಂಬ ಮಾತು ದಪ್ಪ ಅಕ್ಷರದಲ್ಲಿರುತ್ತದೆ. ಯಾವುದಕ್ಕೆ ಮಾನ್ಯತೆ ಎಂಬುದನ್ನು ಓದುಗನೇ ಹುಡುಕಿಕೊಳ್ಳಬೇಕು. ಕೆಲವು ಪದವಿಗಳಲ್ಲಿ ಆಸ್ಪತ್ರೆಯ ತರಬೇತಿ ವರ್ಷವೂ ಸೇರಿರುತ್ತದೆ. ಆದರೆ ಆ ಸ್ಥಾನಗಳಿಗೆ ಪೈಪೋಟಿಯಿದೆ, ಎಷ್ಟೋ ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಅವು ತೆರೆದೂ ಇರುವುದಿಲ್ಲ.

ಈ ಎಲ್ಲ ಮೆಟ್ಟಿಲುಗಳ ಮೇಲೆ ವೀಸಾದ ಗಡಿಯಾರ ಓಡುತ್ತಿರುತ್ತದೆ. 2021ರ ಜುಲೈನಲ್ಲಿ ಜಾರಿಗೆ ಬಂದ ಗ್ರ್ಯಾಜುಯೇಟ್ ವೀಸಾ ಪದವಿಯ ನಂತರ ಎರಡು ವರ್ಷ ಉಳಿಯಲು ಅವಕಾಶ ನೀಡಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಪಿಎಚ್‌ಡಿ ಪಡೆದವರನ್ನು ಬಿಟ್ಟು ಅದು 18 ತಿಂಗಳಿಗೆ ಇಳಿಯುತ್ತದೆ. ಪದವಿಯ ಮೌಲ್ಯಮಾಪನಕ್ಕೆ ಕೆಲವು ತಿಂಗಳು, ಪೂರಕ ಪಠ್ಯಕ್ಕೆ ಮತ್ತಷ್ಟು, ತರಬೇತಿ ಸ್ಥಾನ ಸಿಕ್ಕಲು ಇನ್ನಷ್ಟು, ಪೋರ್ಟ್‌ಫೋಲಿಯೊಗೆ ಒಂದು ವರ್ಷ ಎಂದು ಕೂಡಿದರೆ, ಒಂದು ದಿನವೂ ವ್ಯರ್ಥವಾಗದಿದ್ದರೂ 18 ತಿಂಗಳು ಸಾಲದು. ಉದ್ಯೋಗ ವೀಸಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ನೋಂದಾಯಿತ ಬಯೋಮೆಡಿಕಲ್ ಸೈಂಟಿಸ್ಟ್‌ಗೆ ಆರೋಗ್ಯ ವೀಸಾದ ಮೂಲಕ ಇದಕ್ಕಿಂತ ಸಡಿಲವಾದ ದಾರಿಯಿದೆ. ಆದರೆ ಆ ದಾರಿಗೆ ನೋಂದಣಿ ಬೇಕು, ನೋಂದಣಿಗೆ ತರಬೇತಿ ಬೇಕು, ವೀಸಾ ಮುಗಿಯುತ್ತಿರುವವರಿಗೆ ತರಬೇತಿ ಕೊಡಲು ಆಸ್ಪತ್ರೆ ಹಿಂದೆಗೆಯುತ್ತದೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಕೊನೆಗೆ ಎಷ್ಟೋ ಮಂದಿ ಗೋದಾಮಿನ ರಾತ್ರಿ ಪಾಳಿಯಲ್ಲೋ ವೃದ್ಧರ ಆರೈಕೆಯಲ್ಲೋ ಗ್ರ್ಯಾಜುಯೇಟ್ ವೀಸಾದ ದಿನಗಳನ್ನು ಕಳೆದು ಊರಿಗೆ ಮರಳುತ್ತಾರೆ. ಆ ಕೆಲಸಗಳಲ್ಲಿ ಕೀಳೇನೂ ಇಲ್ಲ. ಸಾಲ ಮಾಡಿ ಕೊಂಡದ್ದು ಮಾತ್ರ ಆ ಕೆಲಸಗಳನ್ನಲ್ಲ.

ವಿಶ್ವವಿದ್ಯಾಲಯಗಳು ಸತ್ಯವನ್ನು ಸಣ್ಣ ಅಕ್ಷರದಲ್ಲಿ ಬರೆಯುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಅವುಗಳ ಲೆಕ್ಕಪತ್ರದಲ್ಲಿದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಯ ಪದವಿ ಶುಲ್ಕದ ಮಿತಿ 2017ರಿಂದ ಹಲವು ವರ್ಷ 9,250 ಪೌಂಡಿನಲ್ಲೇ ನಿಂತಿತ್ತು. 2025ರಲ್ಲಿ 9,535 ಆಯಿತು. ಬೆಲೆಯೇರಿಕೆ ಅದನ್ನು ತಿಂದುಹಾಕಿತು, ಸರ್ಕಾರ ಅಂತರವನ್ನು ತುಂಬಲಿಲ್ಲ. ವಿದೇಶಿ ವಿದ್ಯಾರ್ಥಿಯ ಶುಲ್ಕಕ್ಕೆ ಅಂಥ ಮಿತಿಯೇ ಇಲ್ಲ. ಪ್ರಯೋಗಾಲಯ ಆಧಾರಿತ ಪದವಿಗಳಿಗೆ ಅದು ಅನೇಕ ಕಡೆ ವರ್ಷಕ್ಕೆ 20,000 ಪೌಂಡನ್ನು ಮೀರುತ್ತದೆ. ಈ ಹಣದಿಂದ ಸ್ಥಳೀಯ ಬೋಧನೆಯ ಮತ್ತು ಸಂಶೋಧನೆಯ ನಷ್ಟ ತುಂಬುತ್ತದೆ. ವಿದ್ಯಾರ್ಥಿಯನ್ನು ಕರೆತಂದ ಏಜೆಂಟನಿಗೆ ಶುಲ್ಕದಲ್ಲಿ ಪಾಲು ಸಲ್ಲುತ್ತದೆ. ಇದಲ್ಲದೆ ಪ್ರತಿ ವಿದ್ಯಾರ್ಥಿ ವೀಸಾದ ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಮೇಲ್ತೆರಿಗೆಯನ್ನು ಮುಂಗಡವಾಗಿ ಕಟ್ಟುತ್ತಾನೆ, ಗ್ರ್ಯಾಜುಯೇಟ್ ವೀಸಾಕ್ಕೆ ಹೋದಾಗ ಅದು 1,035 ಪೌಂಡ್. 2028ರಿಂದ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಮೇಲೆ ತಲಾ ವಿದೇಶಿ ವಿದ್ಯಾರ್ಥಿಗೆ 925 ಪೌಂಡ್ ಸುಂಕ ವಿಧಿಸಿ, ಸ್ಥಳೀಯ ಬಡ ವಿದ್ಯಾರ್ಥಿಗಳಿಗೆ ನೆರವು ನೀಡುವ ಯೋಜನೆಯನ್ನೂ ಸರ್ಕಾರ ಪ್ರಕಟಿಸಿದೆ. ಬಡ ವಿದ್ಯಾರ್ಥಿಗೆ ನೆರವು ಸಿಗಲೇಬೇಕು. ಅದರ ಭಾರವನ್ನು ಸಿರಿವಂತರ ತೆರಿಗೆಯ ಬದಲು ಹಾವೇರಿಯ ರೈತನ ಮಗಳ ಶಿಕ್ಷಣ ಸಾಲ ಹೊರಬೇಕೆ ಎಂಬುದು ಪ್ರಶ್ನೆ.

ಇದಕ್ಕೆ ಎದುರಾಗಿ ಎರಡು ಮಾತುಗಳು ಕೇಳಿಬರುತ್ತವೆ. ಮೊದಲನೆಯದು, ಓದಲು ಬಂದವರು ಓದಿ ಹಿಂದಿರುಗಬೇಕು, ವೀಸಾ ನೌಕರಿಯ ಭರವಸೆಯಲ್ಲ ಎಂಬುದು. ಪದವಿಯನ್ನು ಜ್ಞಾನವೆಂದು ಮಾರಿದ್ದರೆ ಈ ಮಾತಿಗೆ ತೂಕವಿರುತ್ತಿತ್ತು. ಆದರೆ ಪುಸ್ತಿಕೆಗಳೂ ಮೇಳಗಳೂ ಅದನ್ನು ಮಾರುವುದು ವೃತ್ತಿಯೆಂದೇ, ಪದವಿಯ ನಂತರದ ವೀಸಾವನ್ನು ಮುಂದಿಟ್ಟುಕೊಂಡೇ. ಎರಡನೆಯದು ಅನಿವಾಸಿಗಳ ನಡುವೆಯೇ ಕೇಳುವ ಮಾತು: ಕಷ್ಟಪಟ್ಟವರು ಗೆದ್ದಿದ್ದಾರೆ, ಇವರೂ ಪಡಲಿ. ಗೆದ್ದವರು ಇದ್ದಾರೆ. ಪೂರಕ ಪಠ್ಯ ಮುಗಿಸಿ, ಸಹಾಯಕ ಹುದ್ದೆಯಿಂದ ಮೇಲೇರಿ ನೋಂದಣಿ ಪಡೆದವರಿದ್ದಾರೆ, ಔಷಧ ಕಂಪನಿಗಳನ್ನು ಸೇರಿದವರಿದ್ದಾರೆ, ಸಂಶೋಧನೆಗೆ ಹೋದವರಿದ್ದಾರೆ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳು 2021ರಿಂದ ತಮ್ಮ ಪಿಎಚ್‌ಡಿ ವೇತನಗಳನ್ನು ವಿದೇಶಿಯರಿಗೂ ತೆರೆದಿವೆ. ಅದೂ ಶೇ 30ರ ಮಿತಿಯೊಳಗೆ. ಗೆದ್ದವರ ಕಥೆ ಸಂಘದ ವೇದಿಕೆಯಲ್ಲಿ ಸನ್ಮಾನವಾಗುತ್ತದೆ. ಸೋತು ಮರಳಿದವರ ಕಥೆಯನ್ನು ಕೇಳುವ ವೇದಿಕೆಯೇ ಇಲ್ಲ, ಆದ್ದರಿಂದ ಮುಂದಿನ ವರ್ಷ ಬರುವವರಿಗೆ ಅರ್ಧ ಸತ್ಯ ಮಾತ್ರ ತಲುಪುತ್ತದೆ.

ಕಷ್ಟಪಟ್ಟು ಗೆದ್ದವರ ಕಥೆಗಳಲ್ಲೆಲ್ಲ ಹಿರಿದಾದದ್ದು ಎಲ್ಲಾಪ್ರಗಡ ಸುಬ್ಬರಾವ್ ಅವರದು. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದ ಆರಂಭದಲ್ಲಿ ಅವರು ಹಾರ್ವರ್ಡಿಗೆ ಬಂದರು. ತಂದಿದ್ದ ಅರ್ಹತೆ ಅಲ್ಲಿ ವೈದ್ಯವೃತ್ತಿಗೆ ಸಾಲದೆಂದಾಗ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ರಾತ್ರಿ ಕೆಲಸ ಮಾಡಿ ಓದಿದರು. ರಂಜಕವನ್ನು ಅಳೆಯಲು ಫಿಸ್ಕೆ ಅವರೊಂದಿಗೆ 1925ರಲ್ಲಿ ಪ್ರಕಟಿಸಿದ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಕಲಿಯುತ್ತಾರೆ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದ ಮೇಲೆ ಅವರ ತಂಡ ಫೋಲಿಕ್ ಆಮ್ಲದ ಸಂಶ್ಲೇಷಣೆಯನ್ನೂ, ಕ್ಯಾನ್ಸರ್ ಚಿಕಿತ್ಸೆಯ ಮೆಥೊಟ್ರೆಕ್ಸೇಟ್‌ನ ಹಾದಿಯನ್ನೂ, ಆನೆಕಾಲು ರೋಗದ ಔಷಧ ಡೈಇಥೈಲ್‌ಕಾರ್ಬಮಜೈನ್ ಅನ್ನೂ ಜಗತ್ತಿಗೆ ಕೊಟ್ಟಿತು. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನುಂಗಿಸಿದ ಡಿಇಸಿ ಮಾತ್ರೆ ಅದೇ. ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಿತ್ತದ್ದು 1923ರಲ್ಲಿ. ಆ ತಡೆ ತೆರವಾದದ್ದು 1946ರಲ್ಲಿ. 1948ರಲ್ಲಿ ಸುಬ್ಬರಾವ್ ತೀರಿಕೊಂಡಾಗಲೂ ಅವರು ಆ ದೇಶದ ಪ್ರಜೆಯಾಗಿರಲಿಲ್ಲ.

ಈ ಬದುಕನ್ನು ಛಲದ ಕಥೆಯಾಗಿ ಓದುವುದು ಸುಲಭ. ಅದರ ಇನ್ನೊಂದು ಮುಖವೂ ಅಷ್ಟೇ ಸ್ಪಷ್ಟ. ವಿದೇಶಿ ವಿದ್ಯಾರ್ಥಿಯ ದುಡಿಮೆಯನ್ನೂ ಬುದ್ಧಿಯನ್ನೂ ಪಡೆದು, ಅವನ ಸ್ಥಾನವನ್ನು ಮಾತ್ರ ಅನಿಶ್ಚಿತವಾಗಿಡುವ ವ್ಯವಸ್ಥೆಗೆ ನೂರು ವರ್ಷದ ವಯಸ್ಸಾಗಿದೆ. ಅಸಾಮಾನ್ಯ ಪ್ರತಿಭೆಯೊಂದು ಆ ವ್ಯವಸ್ಥೆಯನ್ನು ದಾಟಿತೆಂಬುದು ವ್ಯವಸ್ಥೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಮಾನ್ಯ ಪ್ರತಿಭೆಯ, ಪ್ರಾಮಾಣಿಕ ಶ್ರಮದ ವಿದ್ಯಾರ್ಥಿಗೂ ಅದು ನ್ಯಾಯ ಕೊಡಬೇಕು. ಆಸ್ಪತ್ರೆಯ ಪ್ರಯೋಗಾಲಯಗಳು ನಡೆಯುವುದು ಅಂಥವರಿಂದಲೇ.

ಸೋಲಿನ ಪೆಟ್ಟು ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ ಎಂಬುದನ್ನು ಪ್ರಗತಿಪರರು ಮರೆಯಬಾರದು. ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ವೈದ್ಯ ದಂಪತಿಯ ಮಗನಿಗೆ ವ್ಯರ್ಥವಾದ ಒಂದು ಪದವಿ ಎರಡು ವರ್ಷದ ಅನುಭವವಾಗಿ ಉಳಿಯುತ್ತದೆ. ಜಮೀನು ಅಡವಿಟ್ಟ ಮನೆಯ ಮಗಳಿಗೆ ಅದು ಜಮೀನಿನ ನಷ್ಟ. ತಂಗಿಯ ಓದು ನಿಲ್ಲುವುದು. ಊರಿನಲ್ಲಿ ‘ಹೋಗಿ ಏನು ಮಾಡಿದಳು’ ಎಂಬ ಮಾತು. ಮೊದಲ ತಲೆಮಾರಿನ ದಲಿತ ವಿದ್ಯಾರ್ಥಿಗೆ ಕೇಳಿ ತಿಳಿಯಲು ವಿದೇಶದಲ್ಲಿರುವ ಚಿಕ್ಕಪ್ಪನೂ ಇಲ್ಲ, ಸಂಘದ ವಾಟ್ಸಾಪ್ ಬಳಗವೂ ಇಲ್ಲ. ಅವನಿಗೆ ದೊರೆಯುವ ಏಕೈಕ ಸಲಹೆಗಾರ ಏಜೆಂಟ್. ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಮರಳಬೇಕಾಗಿ ಬಂದ ಅಂಬೇಡ್ಕರರ ಉದಾಹರಣೆ ತಿಳಿದವರಿಗೆ, ಪರದೇಶದ ಓದಿನಲ್ಲಿ ಹಣ ಮತ್ತು ಕಾಲ ಎಷ್ಟು ನಿಷ್ಠುರ ಎಂಬುದನ್ನು ಬೇರೆ ಹೇಳಬೇಕಿಲ್ಲ. ಮಾಹಿತಿ ಇಲ್ಲಿ ಒಂದು ಬಗೆಯ ಆಸ್ತಿ. ಅದು ಇರುವ ಜಾತಿ ಮತ್ತು ವರ್ಗಗಳೊಳಗೇ ಸುತ್ತುತ್ತಿದೆ.

ಏಜೆಂಟರು ಹೇಳದ ಒಂದು ಸಂಗತಿಯೇ ಇದಕ್ಕೆ ಸಾಕ್ಷಿ. ಭಾರತದಲ್ಲಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಪದವಿ, ಅಂದರೆ ಬಿಎಸ್‌ಸಿ ಎಂಎಲ್‌ಟಿ ಮುಗಿಸಿ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದ ಅನುಭವವಿರುವವರು ತಮ್ಮ ತರಬೇತಿ ಮತ್ತು ಅನುಭವದ ದಾಖಲೆಗಳೊಡನೆ ಎಚ್‌ಸಿಪಿಸಿಯ ಅಂತರರಾಷ್ಟ್ರೀಯ ಮಾರ್ಗದಲ್ಲಿ ನೇರವಾಗಿ ನೋಂದಣಿಗೆ ಅರ್ಜಿ ಹಾಕಬಹುದು. ಎಲ್ಲರಿಗೂ ಅದು ಸಿಗುತ್ತದೆಂದಲ್ಲ. ಕಲಿತದ್ದು ಅಲ್ಲಿನ ಮಾನದಂಡಕ್ಕೆ ಸರಿಹೊಂದಬೇಕು. ಆದರೂ ಲಕ್ಷಾಂತರ ರೂಪಾಯಿಯ ಎಂಎಸ್‌ಸಿಗೆ ಮೊದಲು ಪರಿಶೀಲಿಸಬೇಕಾದ ದಾರಿ ಅದು. ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ, ಆದ್ದರಿಂದ ಅದರ ಜಾಹೀರಾತೂ ಇಲ್ಲ. ಆಸ್ಟ್ರೇಲಿಯಾ, ಕೆನಡಾಗಳಲ್ಲಿಯೂ ಪ್ರಯೋಗಾಲಯ ವೃತ್ತಿಗೆ ಪ್ರತ್ಯೇಕ ಮೌಲ್ಯಮಾಪನ, ಪರೀಕ್ಷೆಗಳಿವೆ. ಯಾವ ದೇಶವೇ ಆದರೂ ವಿಶ್ವವಿದ್ಯಾಲಯಕ್ಕಿಂತ ಮೊದಲು ಕೇಳಬೇಕಾದದ್ದು ಅಲ್ಲಿನ ವೃತ್ತಿಸಂಸ್ಥೆಯನ್ನು.

ಕರ್ನಾಟಕದ ಹೊಣೆಯೂ ಕಡಿಮೆಯದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಕೂಲಿಕಾರರನ್ನೂ ರೈತರನ್ನೂ ಕೊಲ್ಲುತ್ತಿದೆ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು ಅದನ್ನು ಹಾಕುವುದನ್ನು 2022ರಲ್ಲಿ ನಿಲ್ಲಿಸಲಾಯಿತು. ರೋಗಪತ್ತೆಯ ವಿಜ್ಞಾನ ಬಲ್ಲವರು ಅಲ್ಲಿಗೂ ಬೇಕು. ವಿದೇಶದಲ್ಲಿ ಕಲಿತು ಬಂದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ, ಸಂಶೋಧನಾ ಕೇಂದ್ರದಲ್ಲಿ ಗೌರವದ ಹುದ್ದೆ ಮತ್ತು ಸಂಬಳ ಇದ್ದರೆ ‘ಮರಳುವುದು’ ಸೋಲಿನ ಇನ್ನೊಂದು ಹೆಸರಾಗಬೇಕಿಲ್ಲ. ಪ್ರಯೋಗಾಲಯ ಸಿಬ್ಬಂದಿಯೂ ಸೇರಿದಂತೆ ಸಹ ಆರೋಗ್ಯ ವೃತ್ತಿಗಳಿಗೆ ಸ್ಥಾನಮಾನ ಕೊಡುವ ಕಾನೂನನ್ನು ಸಂಸತ್ತು 2021ರಲ್ಲಿ ಅಂಗೀಕರಿಸಿದೆ. ಅದು ಕಾಗದದಿಂದ ಇಳಿದು ಗುತ್ತಿಗೆ ನೌಕರಿಯಲ್ಲಿ ಸವೆಯುತ್ತಿರುವ ಲ್ಯಾಬ್ ತಂತ್ರಜ್ಞರ ಸಂಬಳ ಚೀಟಿಯನ್ನು ತಲುಪಬೇಕು. ಹಿಂದುಳಿದ ವರ್ಗಗಳ ಮಕ್ಕಳಿಗೆ ಹೊರದೇಶದ ಓದಿಗೆ ನೆರವು ನೀಡುವ ಸರ್ಕಾರ, ಅರ್ಜಿಯ ಜೊತೆಗೇ ಆ ಪದವಿಯಿಂದ ಯಾವ ವೃತ್ತಿಗೆ ಅರ್ಹತೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬ ಮಾರ್ಗದರ್ಶನವನ್ನು ಕನ್ನಡದಲ್ಲೇ ಕೊಡುವುದು ಕಷ್ಟವೇನಲ್ಲ.

ಬ್ರಿಟನ್ನಿನಲ್ಲಿ ಕೇಳಬೇಕಾದ ಬೇಡಿಕೆಗಳು ಸರಳ. ಪ್ರವೇಶಪತ್ರದ ಮೊದಲ ಪುಟದಲ್ಲೇ, ಶುಲ್ಕದ ಮೊತ್ತದ ಪಕ್ಕದಲ್ಲಿ, ಈ ಪದವಿ ಎಚ್‌ಸಿಪಿಸಿ ನೋಂದಣಿಗೆ ಅರ್ಹತೆ ನೀಡುತ್ತದೆಯೇ ಇಲ್ಲವೇ ಎಂದು ಒಂದೇ ವಾಕ್ಯದಲ್ಲಿ ಬರೆಯಬೇಕು. ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತರಬೇತಿ ಸ್ಥಾನ ದೊರೆಯಿತೆಂಬುದನ್ನು ಪ್ರತಿ ವಿಭಾಗವೂ ಪ್ರಕಟಿಸಬೇಕು. ಏಜೆಂಟರ ಕಮಿಷನ್ ಬಹಿರಂಗವಾಗಬೇಕು. ಅನುಮೋದಿತ ಪ್ರಯೋಗಾಲಯದಲ್ಲಿ ಪೋರ್ಟ್‌ಫೋಲಿಯೊ ಆರಂಭಿಸಿದವರಿಗೆ ಅದು ಮುಗಿಯುವ ತನಕ ವೀಸಾ ವಿಸ್ತರಣೆ ಸಿಗಬೇಕು. ತರಬೇತಿ ಸ್ಥಾನಗಳನ್ನು ಹೆಚ್ಚಿಸಲು ಎನ್‌ಎಚ್‌ಎಸ್‌ಗೆ ಹಣ ಬೇಕು. ಇದು ಸ್ಥಳೀಯ ವಿದ್ಯಾರ್ಥಿಗಳ ಬೇಡಿಕೆಯೂ ಹೌದು, ಪ್ರಯೋಗಾಲಯ ಕಾರ್ಮಿಕ ಸಂಘಟನೆಗಳ ಬೇಡಿಕೆಯೂ ಹೌದು. ವಲಸಿಗರು ಮತ್ತು ಸ್ಥಳೀಯರು ಒಂದೇ ಸೀಟಿಗೆ ಕಾದಾಡುತ್ತಿದ್ದಾರೆ ಎಂಬ ಬಲಪಂಥೀಯರ ಕಥನಕ್ಕೆ ಉತ್ತರ ಸೀಟುಗಳನ್ನು ಹೆಚ್ಚಿಸುವ ಜಂಟಿ ಹೋರಾಟದಲ್ಲಿದೆ.

ಕನ್ನಡ ಸಂಘಗಳು ಸರ್ಕಾರಗಳಿಗಾಗಿ ಕಾಯಬೇಕಿಲ್ಲ. ಅವುಗಳ ಸದಸ್ಯರಲ್ಲಿ ವೈದ್ಯರಿದ್ದಾರೆ, ನೋಂದಾಯಿತ ಬಯೋಮೆಡಿಕಲ್ ಸೈಂಟಿಸ್ಟರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ರಾಜ್ಯೋತ್ಸವದ ಭೋಜನಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಸುವ ಸಮಿತಿಗಳು, ವರ್ಷಕ್ಕೆ ನಾಲ್ಕು ಭಾನುವಾರ ಕರ್ನಾಟಕದ ಕಾಲೇಜುಗಳ ವಿದ್ಯಾರ್ಥಿಗಳೊಂದಿಗೆ ಆನ್‌ಲೈನಿನಲ್ಲಿ ಕುಳಿತು ಅವರ ಬಿಎಸ್‌ಸಿ ಅಂಕಪಟ್ಟಿಯನ್ನು, ಪ್ರವೇಶಪತ್ರವನ್ನು ಓದಿ ವಿವರಿಸಬಲ್ಲವು. ಸಾಲದ ಕಾಗದಕ್ಕೆ ಸಹಿ ಬೀಳುವ ಮುನ್ನ ಆ ಮಾತುಕತೆ ನಡೆಯಬೇಕು. ಆಮೇಲೆ ನಡೆದರೆ ಅದು ಸಾಂತ್ವನವಷ್ಟೇ. ಜನವರಿಯ ಪ್ರವೇಶಕ್ಕೆ ಅರ್ಜಿ ಹಾಕುವವರು ಈಗಾಗಲೇ ಏಜೆಂಟರ ಕಚೇರಿಯಲ್ಲಿ ಕುಳಿತಿದ್ದಾರೆ.